ಗಿರಣಿಯ ಹಿಂದಿನ ಕೋಣೆಯ ರುಧಿರೋದ್ಗಾರಿ

ಬನ್ನಿಮಂಟಪದ ಪ್ರಭುಸ್ವಾಮಿಯವರಿಗೆ ಸಂಗೀತ ಬೇಕಿರಲಿಲ್ಲ. ಹಾಗೆಂದು ಅವರು ಅರಸಿಕರೇನಲ್ಲ, ದಣಿದವರು ಅಷ್ಟೇ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಹಿಟ್ಟಿನ ಗಿರಣಿಯ ಬಾಗಿಲು ತೆಗೆದರೆ, ಮಧ್ಯಾಹ್ನದ ಹೊತ್ತಿಗೆ ವಿಭೂತಿ ಯಾವುದು ಹಿಟ್ಟು ಯಾವುದು ಎಂದು ಹೆಂಡತಿ ಪಾರ್ವತಮ್ಮನಿಗೂ ತಿಳಿಯುತ್ತಿರಲಿಲ್ಲ. ದಿನವಿಡೀ ಕಲ್ಲಿನ ಗುಡುಗು ಕೇಳಿದ ಕಿವಿಗೆ ಸಂಜೆ ಯಾರಾದರೂ ವೀಣೆ ನುಡಿಸಿದರೂ ಒಂದೇ, ಬಸ್ಸಿನವನು ಹಾರನ್ ಹೊಡೆದರೂ ಒಂದೇ.

ಅದಕ್ಕೇ ಎರಡು ಸಾವಿರದ ಒಂದನೇ ಇಸವಿಯಲ್ಲಿ ಹಿಂದಿನ ಬೀದಿಯ ಗುರುಕಿರಣ್ ತನ್ನ ಮೂವರು ಗೆಳೆಯರನ್ನು ಕಟ್ಟಿಕೊಂಡು ಬಂದು, ಗಿರಣಿಯ ಹಿಂದಿನ ಕೋಣೆ ಬಾಡಿಗೆಗೆ ಬೇಕು, ಹಾಡು ಪ್ರಾಕ್ಟೀಸ್ ಮಾಡಬೇಕು ಎಂದಾಗ ಹೂಂ ಅಂದುಬಿಟ್ಟರು. ಹುಡುಗರು ಆಗಲೇ ಊರೆಲ್ಲ ಅಲೆದಿದ್ದರು. ಹೋದಲ್ಲೆಲ್ಲ ಎರಡನೇ ದಿನಕ್ಕೇ ಓಡಿಸಿದ್ದರಂತೆ. ಹಿಟ್ಟಿನ ಗಿರಣಿಯ ಪಕ್ಕ ಯಾರು ಯಾರ ಸದ್ದನ್ನು ದೂರಬೇಕು ಎಂಬುದು ಗುರುಕಿರಣನ ಲೆಕ್ಕಾಚಾರ. ಹುಡುಗ ಬುದ್ಧಿವಂತನೇ.

ತಂಡದ ಹೆಸರು ರುಧಿರೋದ್ಗಾರಿ. ರಕ್ತ ಕಾರುವವನು ಎಂದು ಅರ್ಥ. ಇಂಥ ಹೆಸರು ಎಲ್ಲಿ ಸಿಕ್ಕಿತಪ್ಪಾ ಎಂದು ಪಾರ್ವತಮ್ಮ ಕೇಳಿದರೆ, ಗುರುಕಿರಣ್ ತನ್ನ ಜಾತಕದಲ್ಲಿ ಸಿಕ್ಕಿತು ಎಂದ. ನಾಲ್ವರೂ ಹುಟ್ಟಿದ್ದು ರುಧಿರೋದ್ಗಾರಿ ಸಂವತ್ಸರದಲ್ಲಿ. ಅಜ್ಜ ಬರೆಸಿಟ್ಟ ಜಾತಕ ಮೊಮ್ಮಗನಿಗೆ ಉಪಯೋಗಕ್ಕೆ ಬಂದದ್ದು ಇದೊಂದಕ್ಕೇ. ಹಾಡುವುದು ಯಾವ ಥರದ್ದು ಎಂದು ಪ್ರಭುಸ್ವಾಮಿ ಕೇಳಿದ್ದಕ್ಕೆ, ಡೆತ್ ಮೆಟಲ್ ಅಂಕಲ್, ಎಂದ.

“ಸಾಯ್ಲಿ ಬುಡಪ್ಪ. ಕರೆಂಟ್ ಮಾತ್ರ ನೋಡ್ಕೊಂಡು ಉರ್ಸಿ.”

ಅಲ್ಲಿಗೆ ಅವರ ಆಸಕ್ತಿ ಮುಗಿಯಿತು. ಗೋಡೆಯಾಚೆ ಗಿಟಾರುಗಳು ಗರಗಸದ ಹಾಗೆ ಕೊರೆಯುತ್ತಿದ್ದವು. ಡ್ರಮ್ಸಿನ ಸುದರ್ಶನ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಬಡಿಯುತ್ತಿದ್ದ. ಇನ್ನು ಗುರುಕಿರಣ್ ಬಾಯಿ ತೆಗೆದನೆಂದರೆ ಆ ಸಣಕಲು ಮೈಯೊಳಗಿಂದ ಅಷ್ಟು ದೊಡ್ಡ ಘರ್ಜನೆ ಹೇಗೆ ಬರುತ್ತದೆಂದು ಹಿಟ್ಟು ಹಾಕಿಸಲು ಬಂದವರು ಬೆರಗಾಗುತ್ತಿದ್ದರು. ಪ್ರಭುಸ್ವಾಮಿಗೆ ಬೆರಗೂ ಇಲ್ಲ, ಬೇಸರವೂ ಇಲ್ಲ. ಪ್ರತಿ ವರ್ಷ ಕಾಲೇಜಿನ ಕಾರ್ಯಕ್ರಮಕ್ಕೆ ಹುಡುಗರು ಕರೆಯುತ್ತಿದ್ದರು. ಬರ್ತೀನಿ ಬುಡ್ರಪ್ಪ ಎನ್ನುತ್ತಿದ್ದರು, ಹೋಗುತ್ತಿರಲಿಲ್ಲ. ಸೊಂಟ ನೋಯುತ್ತಿತ್ತು.

ಹೀಗೇ ಐದು ವರ್ಷ ಕಳೆಯಿತು. ಸುತ್ತಲಿನ ಖಾಲಿ ಸೈಟುಗಳಲ್ಲಿ ಗ್ರಾನೈಟ್ ಮೆಟ್ಟಿಲಿನ ಮನೆಗಳು ಎದ್ದವು. ಒಂದು ಭಾನುವಾರ ಎದುರುಮನೆಯ ಮಂಜುಳಮ್ಮ ಅಕ್ಕಪಕ್ಕದವರನ್ನು ಕರೆದುಕೊಂಡು ಬಂದರು. ಗಿರಣಿಯ ಮೊದಲ ದಿನಗಳಿಂದ ರಾಗಿ ಹಾಕಿಸುತ್ತಿದ್ದ ಹೆಂಗಸು, ಜಗಳಕ್ಕೆ ಬಂದವರಲ್ಲ. ಮೊಮ್ಮಗು ಆ ಹುಡುಗನ ಕೂಗಿಗೆ ಬೆಚ್ಚಿ ಅಳುತ್ತದೆ, ಅವರನ್ನು ಕಳಿಸಿಬಿಡಿ, ಗಿರಣಿಯ ಬಗ್ಗೆ ನಮ್ಮದೇನೂ ತಕರಾರಿಲ್ಲ ಎಂದರು. ಪ್ರಭುಸ್ವಾಮಿಗೆ ಅಷ್ಟು ಸಾಕಿತ್ತು. ಅಪ್ಪ ಹಾಕಿದ ಗಿರಣಿ. ಅದೊಂದು ಬಿಟ್ಟರೆ ಅವರಿಗೆ ಬೇರೆ ಕಸುಬು ಗೊತ್ತಿಲ್ಲ, ಬೇರೆ ಆಸೆಯೂ ಇಲ್ಲ. ಹುಡುಗರು ಹೋದರೆ ಗಿರಣಿ ಉಳಿಯುವುದಾದರೆ ಹುಡುಗರು ಹೋಗಲಿ.

ಹೇಳಿದಾಗ ಗುರುಕಿರಣ್ ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಚೆನ್ನಾಗಿತ್ತು, ತಾವೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು ಎಂದು ಪ್ರಭುಸ್ವಾಮಿಗೆ ಆಮೇಲೆ ಅನಿಸಿತು. ಖಾಲಿ ಮಾಡುವ ದಿನ ಬೆಳಿಗ್ಗೆ ಹುಡುಗರು ಬಂದು, ಮೈಕು ಹಿಡಿದುಕೊಂಡು, ಗಿರಣಿ ಶುರುವಾಗುವ ಸದ್ದನ್ನು ರೆಕಾರ್ಡ್ ಮಾಡಿಕೊಂಡರು. ಯಾಕೆಂದು ಕೇಳುವ ಮುಖ ಪ್ರಭುಸ್ವಾಮಿಗೆ ಇರಲಿಲ್ಲ.

ಎರಡು ತಿಂಗಳಾಗಿರಬೇಕು, ಮಂಜುಳಮ್ಮ ಮತ್ತೆ ಬಂದರು.

“ಆ ಹುಡುಗ್ರಿದ್ದಾಗ ಗೊತ್ತೇ ಆಗ್ತಿರ್ಲಿಲ್ಲ ಕಣ್ರೀ. ಈಗ ನೋಡಿದ್ರೆ ನಿಮ್ಮ ಮಿಷಿನ್ ಸದ್ದೇ ಜಾಸ್ತಿಯಾಗ್ಬುಟ್ಟಿದೆ.”

ಬೇಲಿಯನ್ನು ತಾನೇ ಕಿತ್ತು ಒಲೆಗೆ ಹಾಕಿದ ಮೇಲೆ ದನ ನುಗ್ಗಿತೆಂದು ಗೋಳಾಡಿ ಏನು ಫಲ? ಇಷ್ಟು ವರ್ಷ ತನ್ನ ಗಿರಣಿಯನ್ನು ಬೈಗುಳದಿಂದ ಕಾಪಾಡಿದ್ದು ಆ ಹುಡುಗರ ಗದ್ದಲ ಎಂಬುದು ಪ್ರಭುಸ್ವಾಮಿಗೆ ಅವತ್ತು ಹೊಳೆಯಿತು. ಅಕ್ಕಪಕ್ಕದವರು ಬೆಳಿಗ್ಗೆ ಹೊತ್ತು ಬೇಡ ಎಂದರು, ಇವರು ನಿಲ್ಲಿಸಿದರು. ಮಧ್ಯಾಹ್ನ ಮಲಗುವ ಹೊತ್ತು ಎಂದರು, ಅದನ್ನೂ ನಿಲ್ಲಿಸಿದರು. ತೆರೆದಿರದ ಗಿರಣಿಗೆ ಯಾರು ಬರುತ್ತಾರೆ? ಅಂಗಡಿಗಳಲ್ಲಿ ಹಿಟ್ಟಿನ ಪ್ಯಾಕೆಟ್ಟುಗಳು ಸಾಲಾಗಿ ಕೂತಿದ್ದವು. ಮುಂದಿನ ಆಯುಧಪೂಜೆಗೆ ಯಂತ್ರ ತೊಳೆದು, ಹೂ ಮುಡಿಸಿ, ಬೂದುಗುಂಬಳ ಒಡೆದರು. ಮರುದಿನ ಮತ್ತೆ ಸ್ವಿಚ್ ಹಾಕಲಿಲ್ಲ. ಹೋರಾಡಬಹುದಿತ್ತು ಎಂದು ನೀವು ಹೇಳಬಹುದು. ಹೋರಾಡುವುದಕ್ಕೂ ಬೆನ್ನು ಬೇಕಲ್ಲ.

ಮನೆ ಮೌನವಾಯಿತು. ಬಂದ ನೆಂಟರೆಲ್ಲ ಸಮಾಧಾನ ಹೇಳುವವರೇ. ಎಲ್ಲ ಶಿವನಿಚ್ಛೆ, ಇನ್ನಾದರೂ ಆರಾಮಾಗಿರಿ, ದುಡಿದದ್ದು ಸಾಕು. ಪ್ರಭುಸ್ವಾಮಿ ತಲೆಯಾಡಿಸುತ್ತಿದ್ದರು. ಆರಾಮ ಎಂಬುದು ಇಷ್ಟು ಭಾರವಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮರುವರ್ಷ ಗುರುಕಿರಣ್ ಬಂದ. ಬೈಕ್ ಶೋರೂಮಿನಲ್ಲಿ ಕೆಲಸ, ತಂಡ ಚೆದುರಿಹೋಗಿತ್ತು. ಚೆದುರುವ ಮುಂಚೆ ಒಂದು ಸೀಡಿ ಮಾಡಿದ್ದೆವು ಎಂದು ಕೈಗಿಟ್ಟು, ಪಾರ್ವತಮ್ಮ ಕೊಟ್ಟ ಕಾಫಿ ಕುಡಿದು, ಮುಚ್ಚಿದ ಗಿರಣಿಯ ಕಡೆ ಒಮ್ಮೆ ನೋಡಿ ಹೊರಟುಹೋದ.

ಮರ್ಯಾದೆಗಾದರೂ ಒಂದು ಸಲ ಹಾಕೋಣವೆಂದು ಪ್ರಭುಸ್ವಾಮಿ ಸೀಡಿ ಹಾಕಿದರು. ಮೊದಲು ಏನೂ ಇಲ್ಲ. ಆಮೇಲೆ ಸ್ವಿಚ್ಚಿನ ಧಡಲ್. ಬೆಲ್ಟಿನ ಜೋಡಣೆ ಚಕ್ರಕ್ಕೆ ಬಡಿಯುವ ಟಪ್, ಟಪ್, ಟಪ್ ಟಪ್. ಆಮೇಲೆ ಕಲ್ಲು. ಅಪ್ಪನ ಕಲ್ಲು. ಧಾನ್ಯ ಸುರಿಯಲು ಅವರ ಕೈ ತಾನಾಗಿ ಮೇಲಕ್ಕೆದ್ದಿತ್ತು. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಗಿಟಾರುಗಳು ಮೇಲೆ ಬಿದ್ದವು. ಎದ್ದು ಹೋಗಿ ನಿಲ್ಲಿಸಿದರು.

ಅಂದಿನಿಂದ ದಿನಾ ಅದೇ ಕೆಲಸ. ಗಿರಣಿ ಕೇಳುವುದು, ಹಾಡು ಬಂದ ಕೂಡಲೆ ಎದ್ದು ನಿಲ್ಲಿಸುವುದು. ರಿಮೋಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಒಂದು ದಿನ ಮಂಡಿ ಎಷ್ಟು ನೋಯುತ್ತಿತ್ತೆಂದರೆ ಏಳಲು ಮನಸ್ಸಾಗಲಿಲ್ಲ. ಹಾಳಾಗಿಹೋಗಲಿ, ಓಡಲಿ ಎಂದು ಕೂತರು. ಕೆಲವರಿಗೆ ಗುರುಕೃಪೆಯಿಂದ ಸಂಗೀತ ಒಲಿಯುತ್ತದೆ, ಪ್ರಭುಸ್ವಾಮಿಗೆ ಮಂಡಿನೋವಿನಿಂದ ಒಲಿಯಿತು.

ಗಿರಣಿಯ ಸದ್ದು ನಿಂತ ಕಡೆ ಸುದರ್ಶನನ ಡ್ರಮ್ಸು ಅದೇ ವೇಗ ಹಿಡಿದಿತ್ತು. ಕಲ್ಲು ನಿಲ್ಲಲೇ ಇಲ್ಲವೇನೋ ಅನ್ನುವ ಹಾಗೆ. ಅದರ ಮೇಲೆ ಗುರುಕಿರಣ್ ಕೂಗಿದ. ಏನು ಹೇಳುತ್ತಾನೋ ಆ ಶಿವನೇ ಬಲ್ಲ, ಆದರೆ ಅವನು ಸಮಾಧಾನ ಹೇಳುತ್ತಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದ. ಮಂಜುಳಮ್ಮನ ಎದುರು, ಪ್ಯಾಕೆಟ್ಟುಗಳ ಎದುರು, ಆರಾಮಾಗಿರಿ ಎಂದವರ ಎದುರು ಪ್ರಭುಸ್ವಾಮಿ ಕೂಗದೆ ನುಂಗಿದ್ದನ್ನೆಲ್ಲ ಆ ಸಣಕಲು ಹುಡುಗ ಒಬ್ಬನೇ ಕಾರಿಕೊಳ್ಳುತ್ತಿದ್ದ. ಐದು ವರ್ಷ ಇದು ಗೋಡೆಯಾಚೆ ಇತ್ತು, ತಾನು ಒಂದು ದಿನವೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂದು ಅವರಿಗೆ ಸಂಕಟವಾಯಿತು.

“ದೀಪ ಹಚ್ಚೋ ಹೊತ್ನಲ್ಲಿ ಏನ್ರೀ ಇದು?” ಎಂದರು ಪಾರ್ವತಮ್ಮ.

“ಇರ್ಲಿ ಬುಡು,” ಎಂದು ಮತ್ತೆ ಮೊದಲಿಂದ ಹಾಕಿದರು. ಸದ್ದನ್ನೂ ಜೋರು ಮಾಡಿದರು.

ಬೆಲ್ಟು ಬಡಿಯಿತು, ಕಲ್ಲು ತಿರುಗಿತು, ಬಾಗಿಲಲ್ಲಿ ಯಾರೋ ಕರೆದರು. ನೋಡಿದರೆ ಮಂಜುಳಮ್ಮ. ಕೈಯಲ್ಲಿ ರಾಗಿಯ ಡಬ್ಬ, ಮುಖದ ತುಂಬ ಸಂತೋಷ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

“ಮಿಷಿನ್ ಶುರು ಮಾಡ್ಬುಟ್ರಾ ಸ್ವಾಮಿಯೋರೇ? ಒಂದು ಮಾತು ಹೇಳೋದಲ್ವಾ. ಆ ಪ್ಯಾಕೆಟ್ ಹಿಟ್ನಲ್ಲಿ ಮುದ್ದೆ ಸರಿಯಾಗೇ ಬರಲ್ಲ ಕಣ್ರೀ.”

ಪ್ರಭುಸ್ವಾಮಿಗೆ ಬೈಯಬೇಕೆನಿಸಲಿಲ್ಲ. ಹಳೆಯ ಅಭ್ಯಾಸದಂತೆ ಡಬ್ಬ ಈಸಿಕೊಂಡು ಬಾಗಿಲ ಪಕ್ಕ ಇಟ್ಟು, ಕುರ್ಚಿ ತೋರಿಸಿದರು. ಮಂಜುಳಮ್ಮ ಕೂತರು. ಗುರುಕಿರಣ್ ಬಾಯಿ ತೆಗೆದ. ಆಕೆ ಬೆಚ್ಚಿ ಅರ್ಧಕ್ಕೆ ಎದ್ದರು.

“ಇದು... ಆ ಹುಡುಗ್ರದ್ದಲ್ವಾ?”

“ಹೂಂ, ನಮ್ಮ ಹುಡುಗ್ರದ್ದೇ. ಮಿಷಿನ್ ಈಗ ಇದ್ರಲ್ಲಿ ಮಾತ್ರ ಇರೋದು. ಕೂತ್ಕೊಳಿ ಮಂಜುಳಮ್ಮ, ಪೂರ್ತಿ ಕೇಳ್ಕೊಂಡು ಹೋಗಿ.”

ಮಂಜುಳಮ್ಮ ಮತ್ತೆ ಕೂತರು, ತಲೆ ಎತ್ತಲಿಲ್ಲ. ಹಾಡು ಮುಗಿಯುವವರೆಗೂ ರಾಗಿಯ ಡಬ್ಬ ಬಾಗಿಲ ಪಕ್ಕ, ಸರದಿಯಲ್ಲಿ ಮೊದಲನೆಯದಾಗಿ, ಕಾಯುತ್ತಾ ಇತ್ತು.