ಆಪರೇಟರಮ್ಮ ಆರಿಸಿದ ಎರಡು ಹಬ್

ಅವರ ನೆತ್ತಿಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಬಿಳಿ ಕೂದಲು ಒತ್ತಿ ಕೂತ ಒಂದು ಗೆರೆ ಇತ್ತು. ಎಣ್ಣೆ ಹಚ್ಚಿದರೂ ಏಳುತ್ತಿರಲಿಲ್ಲ, ತಲೆಗೆ ನೀರು ಹಾಕಿಕೊಂಡರೂ ಏಳುತ್ತಿರಲಿಲ್ಲ. ಮುಂಬಯಿಯ ಫೋರ್ಟ್ ಕಡೆಯ ದೊಡ್ಡ ಹೋಟೆಲೊಂದರ ಟೆಲಿಫೋನ್ ಬೋರ್ಡಿನ ಮುಂದೆ, ಹೆಡ್‌ಫೋನಿನ ಪಟ್ಟಿ ಬಿಗಿದುಕೊಂಡು ಅರ್ಧ ಆಯಸ್ಸು ಕಳೆದವರು ಅವರು. ನಿವೃತ್ತರಾಗಿದ್ದರೂ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನವರಿಗೆಲ್ಲ ಆಪರೇಟರಮ್ಮನೇ.

ಮೈಸೂರು ಕಡೆಯವರು, ಮದುವೆಯಾದವರಲ್ಲ. ಅಡುಗೆಮನೆಯ ಮೇಲಿನ ಅಟ್ಟವನ್ನು ನನಗೆ ಬಾಡಿಗೆಗೆ ಕೊಟ್ಟಿದ್ದರು. ನಾನು ಬಾಗಲಕೋಟೆ ಕಡೆಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮುಂಬಯಿಗೆ ಬಂದು, ಮೊದಲು ಕಟ್ಟಡದ ಕೂಲಿ, ಆಮೇಲೆ ಆಫೀಸುಗಳಲ್ಲಿ ಕಂಪ್ಯೂಟರಿನ ವಾಯರು ಎಳೆಯುವ ಕೆಲಸ. ನಾನು ಎಳೆದ ವಾಯರಿಗಾಗಿ ಯಾರೂ ಮತ್ತೆ ಗೋಡೆ ಒಡೆಯಬೇಕಾಗಿ ಬಂದಿಲ್ಲ. ಈ ಮಾತನ್ನು ಇವತ್ತೂ ಎದೆ ಮುಟ್ಟಿ ಹೇಳುತ್ತೇನೆ. ಆದರೆ ಆ ವಾಯರುಗಳೆಲ್ಲ ಬಂದು ಸೇರುವ ಪೆಟ್ಟಿಗೆಯನ್ನು ಮುಟ್ಟುವ ಹಕ್ಕು ನನಗಿರಲಿಲ್ಲ. ಈಗ ಅದರ ಜಾಗಕ್ಕೆ ಸ್ವಿಚ್ ಬಂದಿದೆ, ಆಗ ಹಬ್ ಅನ್ನುತ್ತಿದ್ದರು. ಅದು ಇಂಜಿನಿಯರರ ಪಾಲು.

ತೊಂಬತ್ತರ ದಶಕ ಅರ್ಧಕ್ಕೆ ಬಂದಿತ್ತು. ನೆಟ್‌ವರ್ಕಿನ ಸರ್ಟಿಫಿಕೇಟ್ ಪರೀಕ್ಷೆಯೊಂದು ಬಂತು. ಅದಕ್ಕೆ ಶಾಲೆಯ ಮಾರ್ಕ್ಸ್ ಕಾರ್ಡು ಕೇಳುತ್ತಿರಲಿಲ್ಲ, ಬರೆದು ಪಾಸಾದರೆ ಸಾಕು. ಪಾಸಾದವರಿಗೆ ಸೈಟ್ ಇಂಜಿನಿಯರ್ ಕೆಲಸ ಎಂದು ನಮ್ಮ ಮಾಲೀಕರು ಎಲ್ಲರ ಮುಂದೆ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅವತ್ತೇ ಮನಸ್ಸು ಗಟ್ಟಿ ಮಾಡಿದೆ. ಆಫೀಸೊಂದು ಬೇಡವೆಂದು ತೆಗೆದಿಟ್ಟ ಎರಡು ಹಳೇ ಕಂಪ್ಯೂಟರುಗಳನ್ನು, ಬೆಲೆಯನ್ನು ಸಂಬಳದಲ್ಲಿ ಮುರಿಸಿಕೊಂಡು, ತಂದು ಅಟ್ಟಕ್ಕೇರಿಸಿದೆ. ಇನ್ನು ಬೇಕಿದ್ದದ್ದು ಹಬ್. ಹೊಸದು ನನ್ನಂಥವನಿಗೆ ಎಟುಕುವ ಮಾತಲ್ಲ.

“ಆರಿಸೋಕೆ ನಾನೂ ಬರ್ತೀನಿ,” ಎಂದರು ಆಪರೇಟರಮ್ಮ.

“ಅಮ್ಮಾರ, ಇದು ಟೆಲಿಫೋನ್ ಅಲ್ಲರೀ.”

“ತೂತಿಗೆ ವೈರು ಸಿಕ್ಕಿಸಿದ್ರೆ ಇಬ್ಬರು ಮಾತಾಡ್ತಾರೆ ತಾನೆ? ಚಪ್ಪಲಿ ಹಾಕ್ಕೋ.”

ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಗಲ್ಲಿಯಲ್ಲಿ ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿ. ಅಂಗಡಿಯವನು ಎಂಟು ತೂತಿನ ಹಬ್ ಒಂದನ್ನು ಒರೆಸಿ, ಮಿರಿಮಿರಿ ಮಿಂಚಿಸಿ ಮುಂದಿಟ್ಟ. ನನ್ನ ಕಣ್ಣು ಅದರ ಮೇಲೇ ಕೂತಿತು. ಆಪರೇಟರಮ್ಮ ಅದನ್ನು ಮುಟ್ಟಲೂ ಇಲ್ಲ. ಮೂಲೆಯಲ್ಲಿ ಬಿದ್ದಿದ್ದ, ನಾಲ್ಕು ನಾಲ್ಕು ತೂತಿನ ಎರಡು ಕುಳ್ಳ ಪೆಟ್ಟಿಗೆಗಳನ್ನು ಎತ್ತಿಸಿದರು. ಅವೆರಡೂ ಬೇರೆ ಬೇರೆ ಕಂಪನಿಯವು. ಒಂದೊಂದು ತೂತಿಗೂ ಪ್ಲಗ್ಗು ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು ಎಳೆದೆಳೆದು ನೋಡತೊಡಗಿದರು.

“ಮಾತಾಜಿ, ಹಲ್ಲು ಕೀಳ್ತಿದೀರಾ?” ಎಂದು ಅಂಗಡಿಯವನು ಹಿಂದಿಯಲ್ಲಿ ಕೆಣಕಿದ.

“ಅಲ್ಲಾಡೋ ಹಲ್ಲಾದ್ರೆ ಕಿತ್ತು ನಿನ್ನ ಕೈಗೇ ಕೊಡ್ತೀನಿ,” ಎಂದು ಹಿಂದಿಯಲ್ಲೇ ಉತ್ತರ ಹೋಯಿತು.

ನಾನು ಪಿಸುಗುಟ್ಟಿದೆ: “ಅಮ್ಮಾರ, ಆ ದೊಡ್ಡದೊಂದಿದ್ರ ಸಾಕಲ್ಲರೀ. ಈ ಇಬ್ಬರು ಮುದುಕ್ಯಾರನ್ನ ಯಾಕ ಹೊತ್ಕೊಂಡು ಹೋಗೂದು?”

“ಒಬ್ಬಳು ಮುದುಕಿ ಜೊತೆ ಏಗ್ತಾ ಇದೀಯ, ಇನ್ನಿಬ್ಬರು ಭಾರವಾದರಾ?” ಎಂದವರು ದನಿ ತಗ್ಗಿಸಿದರು. “ಕೇಳು. ಒಂದೇ ಬೋರ್ಡಿನೊಳಗೆ ಕನೆಕ್ಷನ್ ಕೊಡೋದನ್ನ ನಾನು ಬೇಗ ಕಲಿತೆ. ನಮ್ಮ ಬೋರ್ಡಿಂದ ಪರವೂರಿನ ಬೋರ್ಡಿಗೆ ಕೊಡಬೇಕಿತ್ತಲ್ಲ, ಅಲ್ಲಿ ಅತ್ತಿದೀನಿ. ನಿನ್ನ ಪರೀಕ್ಷೆಯೋರು ಅಳಿಸೋ ಜಾಗದಲ್ಲೇ ಕೇಳ್ತಾರೆ. ಎರಡಿರಲಿ.”

ಎರಡನ್ನೂ ಲೋಕಲ್ ಟ್ರೇನಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಅವರು ಹೇಳಿದ ಜಾಗದಲ್ಲೇ ಅಳು ಬಂತು. ಯಾವ ಹಬ್ಬಿಗೆ ಸಿಕ್ಕಿಸಿದರೂ ಎರಡು ಕಂಪ್ಯೂಟರೂ ಮಾತಾಡುತ್ತಿದ್ದವು. ಒಂದು ಹಬ್ಬಿನಿಂದ ಇನ್ನೊಂದಕ್ಕೆ ವಾಯರು ಹಾಕಿ, ಒಂದೊಂದಕ್ಕೆ ಒಂದೊಂದು ಕಂಪ್ಯೂಟರು ಜೋಡಿಸಿದರೆ ಮೌನ. ನಡುವಿನ ದೀಪವೇ ಹತ್ತದು. ವಾರಗಟ್ಟಲೆ ಒದ್ದಾಡಿದೆ. ಸ್ಕ್ರೂ ಬಿಚ್ಚಿದೆ, ತೂತು ಬದಲಿಸಿದೆ, ಅಂಗಡಿಯವನ ಏಳು ತಲೆಮಾರನ್ನೂ ಬೈದೆ.

“ಆ ಹೊಳಿಯೂದನ್ನ ತಗೊಂಡಿದ್ರ ಈ ಗೋಳು ಇರ್ತಿರಲಿಲ್ಲ,” ಎಂದು ಅಟ್ಟದಿಂದಲೇ ಕೂಗಿದೆ. “ನಾಳಿಗಿ ವಾಪಸ್ ಕೊಟ್ಟು ಬರ್ತೇನ್ರೀ.”

ಕೆಳಗೆ ಹುರುಳಿಕಾಯಿ ಹೆಚ್ಚುತ್ತಿದ್ದ ಸದ್ದು ನಿಲ್ಲಲಿಲ್ಲ. “ವೈರು ನೋಡಿದ್ಯಾ?”

“ವಾಯರು ನಂದ್ರೀ ಅಮ್ಮಾರ. ನನ್ನ ವಾಯರು ತಪ್ಪೂದಿಲ್ಲ.”

“ಸರಿ, ನಿನ್ನ ವೈರು ಸಾಕ್ಷಾತ್ ದೇವರು. ಆದ್ರೂ ಹೇಳು, ಅದರೊಳಗೆ ಯಾವುದು ಎಲ್ಲಿಗೆ ಹೋಗತ್ತೆ?”

ಸಿಟ್ಟಿನಲ್ಲೇ ಹೇಳಿದೆ. ಈ ಹಬ್ ಮಾತು ಕಳಿಸುವ ತಂತಿ ಆ ಹಬ್ ಮಾತು ಕಳಿಸುವ ತಂತಿಗೆ. ಇದು ಕೇಳಿಸಿಕೊಳ್ಳುವ ತಂತಿ ಅದು ಕೇಳಿಸಿಕೊಳ್ಳುವ ತಂತಿಗೆ. ನಾನು ಯಾವತ್ತೂ ಎಳೆದದ್ದು ಹೀಗೇ, ನೆಟ್ಟಗೆ.

ಈಳಿಗೆಮಣೆ ನಿಂತಿತು. “ಬಾಯಿಗೆ ಬಾಯಿ ಕೊಟ್ರೆ ಅದು ಮಾತಲ್ಲ ಕಣಪ್ಪ,” ಎಂದರು ಆಪರೇಟರಮ್ಮ. “ಅದಕ್ಕೆ ಬೇರೆ ಹೆಸರಿದೆ.”

ನನ್ನ ಕಿವಿ ಬಿಸಿಯಾಯಿತು. ಕಂಪ್ಯೂಟರಿಗೂ ಹಬ್ಬಿಗೂ ನಡುವೆ ನೆಟ್ಟಗಿನ ವಾಯರೇ ಸರಿ, ಬಾಯಿಯನ್ನು ಕಿವಿಗೆ ಸೇರಿಸುವ ಅದಲುಬದಲನ್ನು ಹಬ್ ತನ್ನೊಳಗೇ ಮಾಡಿಕೊಳ್ಳುತ್ತದೆ. ಎರಡೂ ಹಬ್ಬೇ ಆದಾಗ ಆ ಅದಲುಬದಲು ವಾಯರಿನೊಳಗೆ ಆಗಬೇಕು. ಇಷ್ಟು ವರ್ಷ ಪೆಟ್ಟಿಗೆಯ ಬಾಗಿಲಿಗೇ ನನ್ನನ್ನು ನಿಲ್ಲಿಸಿದ್ದರಿಂದ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ತುದಿ ಕತ್ತರಿಸಿ, ತಂತಿ ಅಡ್ಡ ಹಾಯಿಸಿ, ಹೊಸ ಪ್ಲಗ್ಗು ಒತ್ತಿದೆ. ಎರಡೂ ಕಡೆ ಹಸಿರು ದೀಪ ಹತ್ತಿತು.

“ಹತ್ತಿತ್ರೀ ಅಮ್ಮಾರ.”

“ಹತ್ತದೆ ಏನು. ಕಿತ್ತು ಮತ್ತೆ ಮಾಡು.”

ಆಮೇಲೆ ಇಂಗ್ಲಿಷು. ಪ್ರಶ್ನೆಗಳೆಲ್ಲ ಅದರಲ್ಲೇ. ಕೆಲಸದಿಂದ ಬಂದು ಕೈಕಾಲು ತೊಳೆದರೆ ಅವರು ಪುಸ್ತಕ ಹಿಡಿದು ಕೂತಿರುತ್ತಿದ್ದರು. ಹೋಟೆಲಿನ ಸಾಹೇಬರಿಗೆ ಹೇಳುತ್ತಿದ್ದ ದನಿಯಲ್ಲಿ ಒಂದೊಂದು ಶಬ್ದ ಬಿಡಿಸಿ ಓದುವರು. ನಾನು ಕನ್ನಡದಲ್ಲಿ ಉತ್ತರ ಹೇಳಿದರೆ, “ಲೈನು ಸರಿಯಿಲ್ಲ, ಏನೂ ಕೇಳಿಸ್ತಿಲ್ಲ,” ಎಂದು ಕಿಟಕಿಯ ಕಡೆ ನೋಡುವರು. ಇಂಗ್ಲಿಷಿನಲ್ಲಿ ಹೇಳುವವರೆಗೂ ಲೈನು ಸರಿಯಾಗುತ್ತಿರಲಿಲ್ಲ.

ಮೊದಲ ಸಲ ಫೇಲಾದೆ. ಬಂದು ಹೊಸಿಲ ಮೇಲೇ ಕೂತೆ. ಊರಿಗೆ ಹೋಗುವ ಯೋಚನೆಯೂ ಬಂದಿತ್ತು.

“ಎಂಗೇಜ್ ಇತ್ತು ಅಷ್ಟೆ,” ಎಂದರು. “ಲೈನು ಸತ್ತಿಲ್ಲ. ಎದ್ದು ಊಟ ಮಾಡು.”

ಎರಡನೇ ಸಲ ಪಾಸಾದೆ. ಮಾಲೀಕರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೊಟ್ಟ ಮಾತು ಉಳಿಸಿಕೊಂಡರು. ಮುಂದೆ ನಾನು ಬೊರಿವಲಿಯಲ್ಲಿ ಸ್ವಂತ ಮನೆ ಮಾಡಿದೆ. ಆಪರೇಟರಮ್ಮ ಹೋಗಿ ಬಹಳ ವರ್ಷವಾಯಿತು. ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅವರಿಗೆ ಹೆಗಲು ಕೊಟ್ಟೆ. ಆದರೆ ಋಣ ತೀರಿತು ಅನ್ನಲಾರೆ. ಅಟ್ಟಕ್ಕೆ ಬಾಡಿಗೆ ಕೊಟ್ಟಿದ್ದೆ, ಹಬ್ಬುಗಳಿಗೆ ಬೆಲೆ ಕೊಟ್ಟಿದ್ದೆ. ಪಾಸಾದ ದಿನ ಅವರು ಕೊಟ್ಟದ್ದಕ್ಕೆ ಬೆಲೆ ಕಟ್ಟುವುದು ನನಗೆ ಇನ್ನೂ ಗೊತ್ತಾಗಿಲ್ಲ.

ಅವತ್ತು ಅವರೇ ನಮ್ಮೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಊರಿನಲ್ಲಿದ್ದದ್ದು ಕಿರಾಣಿ ಅಂಗಡಿಯದೊಂದೇ ಫೋನು, ಅದಕ್ಕಿನ್ನೂ ನೇರ ಎಸ್‌ಟಿಡಿ ಬಂದಿರಲಿಲ್ಲ. ಎಕ್ಸ್‌ಚೇಂಜಿನ ಹುಡುಗಿಗೆ ಹಿರಿಯ ಆಪರೇಟರಿನ ಗತ್ತಿನಲ್ಲಿ ಗದರಿಸಿ ಲೈನು ಹಿಡಿದರು. ಆ ಕಡೆಯಿಂದ ಅಂಗಡಿಯವನ ದನಿ ಬಂದದ್ದೇ, “ಇಂಜಿನಿಯರ್ ಅವರ ತಾಯೀನ ಕರೀರಿ,” ಎಂದರು. ಯಾವ ಮನೆ ಎಂದು ಗುರುತು ಹೇಳಿ ಕಾದರು.

ಅವ್ವ ಓಡಿ ಬಂದಿರಬೇಕು, ಏದುಸಿರು ಕೇಳುತ್ತಿತ್ತು. ಫೋನೆಂದರೆ ಊರಿಗೇ ಕೇಳುವಂತೆ ಕೂಗುವವಳು, ನಿಂತಲ್ಲಿಗೇ ನನಗೆ ಎಲ್ಲ ಕೇಳಿಸಿತು.

“ನಮ್ಮ ಮನ್ಯಾಗ ಇಂಜಿನಿಯರ್ ಯಾರೂ ಇಲ್ಲರೀ ಯವ್ವಾ. ರಾಂಗ್ ನಂಬರ್ ಹತ್ತೇತಿ ನೋಡ್ರಿ.”

“ಇಷ್ಟು ವರ್ಷದಲ್ಲಿ ನಾನು ಯಾರಿಗೂ ರಾಂಗ್ ನಂಬರ್ ಕೊಟ್ಟಿಲ್ಲ ತಾಯಿ,” ಎಂದು ಆಪರೇಟರಮ್ಮ ರಿಸೀವರನ್ನು ನನ್ನ ಕೈಗೆ ಕೊಟ್ಟರು.