ಹಾರ್ಡ್ ಡಿಸ್ಕಿನ ಹಣೆ

ನನಗೆ ಹೊಸ ವಸ್ತುಗಳ ಮೇಲೆ ಗೌರವ ಕಡಿಮೆ. ಹಳೆಯ ವಸ್ತುಗಳ ಮೇಲಿದೆಯೇ ಎಂದರೆ ಅದೂ ಇಲ್ಲ. ಆದರೂ ಹಳೆಯದು ಕೈಕೊಟ್ಟಾಗ, ಪಾಪ, ವಯಸ್ಸಾಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಡಬ್ಬಿಯಿಂದ ಈಗಷ್ಟೇ ಹೊರಬಂದು, ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಪೂರ್ತಿ ಕಳಚದೆ, ನನ್ನಿಂದ ಆಗುವುದಿಲ್ಲ ಎನ್ನುವ ವಸ್ತುವಿಗೆ ಏನು ಹೇಳೋಣ? ನಮ್ಮ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ದಿನವೇ ರಜೆ ಅರ್ಜಿ ಬರೆದವರನ್ನು ನಾನು ನೋಡಿದ್ದೇನೆ. ಅವರು ಕೂಡ ಮಧ್ಯಾಹ್ನದ ಊಟದವರೆಗೆ ಕಾದಿದ್ದರು.

ನಾನು ಹೇಳುತ್ತಿರುವುದು ಹೋದ ತಿಂಗಳು ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯೊಂದರಿಂದ ತಂದ ಹಾರ್ಡ್ ಡಿಸ್ಕಿನ ವಿಷಯ. ಅಂಗೈ ಅಗಲದ ಕಪ್ಪು ಹಲಗೆ. ಅದಕ್ಕೆ ಮುಖವಿಲ್ಲ, ಬೆನ್ನಿಲ್ಲ. ಒಂದು ಅಂಚಿನಲ್ಲಿ ಮಾತ್ರ ವೈರು ಸಿಕ್ಕಿಸಲು ಸಣ್ಣದೊಂದು ಬಾಯಿ. ಊರಿನ ಗ್ರಂಥಾಲಯವನ್ನೇ ನುಂಗಿ ನೀರು ಕುಡಿಯಬಲ್ಲದೆಂದು ಡಬ್ಬಿಯ ಮೇಲೆ ಬಡಾಯಿ ಕೊಚ್ಚಿಕೊಂಡಿದ್ದ ಅದಕ್ಕೆ, ನಾನು ನುಂಗಿಸಬೇಕಿದ್ದುದು ಒಂದೇ ಒಂದು ಮದುವೆಯ ವಿಡಿಯೊ.

ಆ ಮದುವೆ ನನ್ನ ಅಕ್ಕನ ಮಗಳು ಸುಧಾಳದು. ಕುಣಿಗಲ್‌ನಲ್ಲಿ ಕ್ಯಾಸೆಟ್ಟಿನ ಕಾಲದಲ್ಲಿ ನಡೆದದ್ದು. ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಫೋಟೊಗಳು ಬೇಕಾದಷ್ಟಿವೆ, ಎಲ್ಲದರಲ್ಲೂ ಅಕ್ಕ ಉಸಿರು ಬಿಗಿಹಿಡಿದು, ಯಾರೋ ಶಿಕ್ಷೆ ಕೊಟ್ಟು ನಿಲ್ಲಿಸಿದಂತೆ ನಿಂತಿದ್ದಾಳೆ. ಅವಳು ಬಾಯಿ ತೆರೆದು ಮಾತಾಡಿದ್ದು ಉಳಿದಿರುವುದು ನಾನು ತೆಗೆದ ಆ ವಿಡಿಯೊದಲ್ಲಿ ಮಾತ್ರ. ಕೊನೆಯ ಸಲ ಅದನ್ನು ಯಾವಾಗ ನೋಡಿದ್ದೆನೋ ನೆನಪಿಲ್ಲ. ಅದರಲ್ಲಿ ಅಕ್ಕ ನನ್ನನ್ನು ಬೈಯುತ್ತಾಳೆಂಬುದಷ್ಟೇ ನೆನಪು. ಅದಕ್ಕೆ ನೆನಪೇಕೆ ಬೇಕು, ಅವಳು ನನ್ನೊಡನೆ ಬೇರೆ ರೀತಿಯಲ್ಲಿ ಮಾತಾಡಿದ್ದೇ ಅಪರೂಪ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಹಾಳಾಯಿತು. ಉಳಿದಿರುವ ಪ್ರತಿ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿದೆ, ಅದು ಈಗೀಗ ರಾಗಿ ಕಲ್ಲಿನಂತೆ ಗುರುಗುಟ್ಟುತ್ತದೆ. ಇನ್ನೊಂದು ಸಲ ಆರಿಸಿದರೆ ಮತ್ತೆ ಏಳುವುದೇ ಅನುಮಾನ.

'ಮಾಮ, ಅಮ್ಮನ ವರ್ಷದ ಕಾರ್ಯಕ್ಕೆ ಅದೊಂದು ತಂದ್ಬುಡಿ. ಬೇರೆ ಏನೂ ತರ್ಬೇಡಿ' ಎಂದು ಸುಧಾ ಫೋನಿನಲ್ಲಿ ಹೇಳಿದಳು. ಅವಳ ದನಿ ಸಣ್ಣದಾಗಿತ್ತು. 'ಅಮ್ಮ ಹೆಂಗೆ ಮಾತಾಡ್ತಿದ್ರು ಅನ್ನೋದೇ ಮರ್ತೋಗ್ತೈತೇನೋ ಅಂತ ಭಯ ಆಗ್ತೈತೆ ಮಾಮ.' ನಾನು ಭೌತಶಾಸ್ತ್ರದ ಉಪನ್ಯಾಸಕ. ಇದೆಲ್ಲ ಎಷ್ಟರ ಕೆಲಸ ಎಂಬ ಗತ್ತಿನಲ್ಲಿ ಒಪ್ಪಿಕೊಂಡೆ.

ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ನೀಲಿ ದೀಪ ಹತ್ತಿತು. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕಂಪ್ಯೂಟರು ಕೇಳಿತು. ಮಾಡಪ್ಪ ಎಂದೆ. ಹಸಿರು ಪಟ್ಟಿ ಗಂಭೀರವಾಗಿ ಮುಂದೆ ಸರಿಯಿತು, ಅರ್ಧದಲ್ಲಿ ನಿಂತಿತು, ಆಮೇಲೆ ಫಾರ್ಮ್ಯಾಟ್ ಪೂರ್ಣಗೊಳಿಸಲು ಸಾಧ್ಯವಾಗಲಿಲ್ಲ ಎಂದಿತು. ಏಕೆ ಸಾಧ್ಯವಾಗಲಿಲ್ಲ? ಅದನ್ನು ಹೇಳುವುದಿಲ್ಲ. ಸರ್ಕಾರಿ ಕಚೇರಿಯ ಕಿಟಕಿಯಲ್ಲಾದರೂ 'ಸಾಹೇಬ್ರು ಮೀಟಿಂಗಿಗೆ ಹೋಗವ್ರೆ' ಎಂಬಷ್ಟು ಸೌಜನ್ಯ ಇರುತ್ತದೆ.

ಬರೆಯುವ ಮೊದಲು ಬರೆಯುವ ಜಾಗವನ್ನು ಅಣಿಗೊಳಿಸುವುದು ಹೊಸ ವಿಷಯವೇನಲ್ಲ ಎಂದು ನನ್ನೊಳಗಿನ ಪಂಡಿತ ಗೊಣಗಿದ. ತಾಳೆಗರಿಯನ್ನು ಮರದಿಂದ ಇಳಿಸಿದ ಕೂಡಲೇ ಯಾರೂ ಕೊರೆದು ಬರೆಯುವ ಕಂಠ ಹಿಡಿದು ಕೂರುತ್ತಿರಲಿಲ್ಲ. ಅದನ್ನು ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡುತ್ತಿದ್ದರು. ಹುಳು ಹಿಡಿಯದಿರಲೆಂದು ಅರಿಶಿನ ಸವರುವುದೂ ಇತ್ತಂತೆ. ಅದೂ ಒಂದು ಬಗೆಯ ಫಾರ್ಮ್ಯಾಟೇ. ಆದರೆ ಹಂಡೆಯಲ್ಲಿ ಅರ್ಧ ಬೆಂದ ತಾಳೆಗರಿ ತಲೆಯೆತ್ತಿ, ಮುಂದೆ ಬೇಯಲು ಸಾಧ್ಯವಿಲ್ಲ ಎಂದ ಉದಾಹರಣೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಡಿಸ್ಕನ್ನು ಬೇರೆ ತೂತಿಗೆ ಸಿಕ್ಕಿಸಿದೆ. ಕಾಲೇಜಿನ ಲ್ಯಾಪ್‌ಟಾಪಿಗೂ ಸಿಕ್ಕಿಸಿದೆ. ಎಲ್ಲಿಗೆ ಸಿಕ್ಕಿಸಿದರೂ ಅದೇ ದೀಪ, ಅದೇ ಪಟ್ಟಿ, ಅದೇ ಉತ್ತರ. ಇಂಟರ್ನೆಟ್ಟಿನಲ್ಲಿ ಪರಿಹಾರ ಹುಡುಕಿದೆ. ಅಲ್ಲಿ ಒಬ್ಬ ಅಪ್ಪಣೆ ಕೊಟ್ಟ ಹಾಗೆ ಕಪ್ಪು ಪರದೆ ತೆರೆದು ಮಂತ್ರಗಳನ್ನು ಟೈಪು ಮಾಡಿದೆ. ಅವನ ಕೆಳಗೇ ಇನ್ನೊಬ್ಬ, ಮೇಲಿನವನ ಮಾತು ಕೇಳಿ ತನ್ನ ಡಿಸ್ಕು ಪೂರ್ತಿ ಸತ್ತಿತೆಂದು ಬರೆದುಕೊಂಡಿದ್ದ. ಅದನ್ನು ನಾನು ಓದಿದ್ದು ಟೈಪು ಮಾಡಿ ಮುಗಿಸಿದ ಮೇಲೆ. ಕಂಪನಿಯ ಸಹಾಯವಾಣಿಗೂ ಫೋನು ಮಾಡಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೆಣ್ಣುದನಿಯೊಂದು ಹೇಳಿ, ಎಷ್ಟು ಮುಖ್ಯವೆಂದು ತೋರಿಸಲು ನನ್ನನ್ನು ಕೊಳಲಿನ ಸಂಗೀತಕ್ಕೆ ಒಪ್ಪಿಸಿ ಹೋಯಿತು.

ಅಂಗಡಿಗೆ ಹೋದೆ. ಮಾಲೀಕ ಡಿಸ್ಕನ್ನು ಮುಟ್ಟಲೂ ಇಲ್ಲ. 'ಪೀಸ್ ಚೆನ್ನಾಗೈತೆ ಸರ್. ನಿಮ್ ಸಿಸ್ಟಮ್ಮೇ ಹಳೇದು' ಎಂದ. ಹೊಸ ಲ್ಯಾಪ್‌ಟಾಪಿನಲ್ಲೂ ಆಗಲಿಲ್ಲವಲ್ಲಪ್ಪಾ ಎಂದೆ. 'ಹಂಗಾದ್ರೆ ಅದು ಭಾಳ ಹೊಸ್ದು ಸರ್' ಎಂದ. ಬದಲಾಯಿಸಿ ಕೊಡು ಎಂದರೆ, 'ಸೀಲ್ ಒಡ್ದಿದೀರಲ್ಲ ಸರ್' ಎಂದು ನನ್ನನ್ನು ಕಳ್ಳನ ಹಾಗೆ ನೋಡಿದ. ಸೀಲು ಒಡೆಯದೆ ವಸ್ತು ಕೆಟ್ಟಿದೆಯೆಂದು ತಿಳಿಯುವ ವಿದ್ಯೆ ಅವನಿಗೆ ಗೊತ್ತಿತ್ತೋ ಏನೋ, ನನಗೆ ಹೇಳಿಕೊಡಲಿಲ್ಲ.

ಅದೇ ವಾರ ಗುಬ್ಬಿಗೆ ಹೋಗಬೇಕಾಗಿ ಬಂತು. ಅಲ್ಲಿ ನನ್ನ ಷಡ್ಡಕ ನಂಜುಂಡಪ್ಪನಿದ್ದಾನೆ. ಕೊಬ್ಬರಿ ವ್ಯಾಪಾರಿ. ಅವನಿಗೆ ಗೊತ್ತಿಲ್ಲದ ವಿಷಯ ಇನ್ನೂ ಹುಟ್ಟಿಲ್ಲ, ಹುಟ್ಟಿದರೆ ಹೆಸರಿಡುವವನೂ ಅವನೇ. ಡಿಸ್ಕನ್ನು ಕೈಗೆ ತೆಗೆದುಕೊಂಡು, ಒಳಗೆ ಕೊಬ್ಬರಿಯಾಗಿದೆಯೇ ಎಂದು ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡುವ ಹಾಗೆಯೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಣ್ಣು ಮುಚ್ಚಿ ಆಲಿಸಿದ.

'ಒಳಗೆ ಸದ್ದೇ ಇಲ್ಲ. ಇನ್ನೂ ಹಸಿ ಐತೆ ಮೇಷ್ಟ್ರೇ' ಎಂದ.

'ಇದು ಕಾಯಲ್ಲ ಕಣಯ್ಯಾ!'

'ಯಾವುದಾದ್ರೇನು? ಎಂಟು ದಿನ ಅಕ್ಕಿ ಡಬ್ಬೀಲಿ ಇಡಿ, ಸರಿ ಹೋಯ್ತದೆ. ಇಷ್ಟಕ್ಕೆಲ್ಲಾ ಅಂಗ್ಡಿ ಅಂಗ್ಡಿ ಅಲೀತಾರೇನ್ರಿ, ಓದಿದವ್ರು?'

ವಾಪಸು ಬರುವ ರೈಲಿನಲ್ಲಿ ಇಡೀ ಮನುಕುಲವನ್ನು ಬೈದುಕೊಂಡೆ. ಡಿಸ್ಕು ಮಾಡಿದವನು ಅಯೋಗ್ಯ, ಮಾರಿದವನು ಲಫಂಗ, ಸಲಹೆ ಕೊಟ್ಟವನು ದಡ್ಡ. ಈ ತಿರಸ್ಕಾರ ನನಗೆ ಅಕ್ಕನಿಂದಲೇ ಬಂದದ್ದು. ಆದರೆ ಅವಳದಕ್ಕೆ ಒಂದು ಘನತೆಯಿತ್ತು, ಎದುರಿಗೇ ಹೇಳುತ್ತಿದ್ದಳು. ನನ್ನದು ರೈಲಿನ ಕಿಟಕಿಗೆ ಹೇಳುವ ಜಾತಿ. ಹೆಗ್ಗೆರೆ ದಾಟುವ ಹೊತ್ತಿಗೆ ಬೈಗುಳ ಮುಗಿದು ಭಯ ಶುರುವಾಯಿತು. ನಾಡಿದ್ದು ಭಾನುವಾರ ಅಕ್ಕನ ವರ್ಷದ ಕಾರ್ಯ. ಮನೆಯಲ್ಲಿ ಹಳೆಯ ಕಂಪ್ಯೂಟರು ಇನ್ನೂ ಗುರುಗುಟ್ಟುತ್ತಿದೆಯೋ, ಕರೆಂಟು ಹೋಗಿ ಸುಮ್ಮನಾಗಿದೆಯೋ? ಬರಿಗೈಯಲ್ಲಿ ಹೋಗಿ ಸುಧಾಳ ಮುಖ ಹೇಗೆ ನೋಡುವುದು?

ಮನೆಗೆ ಬಂದಾಗ ಕಂಪ್ಯೂಟರು ಗುರುಗುಟ್ಟುತ್ತಲೇ ಇತ್ತು. ಡಿಸ್ಕನ್ನು ಮೇಜಿನ ಮೇಲೆ ಎಸೆದು ಕೈಕಾಲು ತೊಳೆಯಲು ಹೋದೆ. ನನ್ನ ಹೆಂಡತಿ ವಿಮಲ ಮೇಜು ಒರೆಸುತ್ತಿದ್ದಳು.

'ರೀ, ಈ ವೈರಿನ ತುದಿಗೆ ಕುಂಕುಮ ಯಾಕಾಗೈತೆ?'

ನಾನು ಮುಖಕ್ಕೆ ಇನ್ನಷ್ಟು ನೀರು ಹಾಕಿಕೊಂಡೆ.

'ನಿಮ್ಮನ್ನೇ ಕೇಳ್ತಿರೋದು. ಡಿಸ್ಕಿನ ಬಾಯೊಳಗೂ ಮೆತ್ಕೊಂಡೈತೆ. ನಾನಂತೂ ಇಟ್ಟಿಲ್ಲ.'

ಅವಳು ಇಟ್ಟಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಕಡೆ ಮನೆಗೆ ಹೊಸದೇನು ಬಂದರೂ ಮೊದಲು ಕುಂಕುಮ. ಸ್ಕೂಟರಿಗೆ, ಮಿಕ್ಸಿಗೆ, ಗ್ಯಾಸ್ ಒಲೆಗೆ, ಎಲ್ಲಕ್ಕೂ. ಅಕ್ಕ ಬದುಕಿದ್ದಷ್ಟು ದಿನ ಅದು ಅವಳ ಇಲಾಖೆ. ಅವಳು ಬೊಟ್ಟು ಇಡುವಾಗಲೆಲ್ಲ ನಾನು ಪಕ್ಕದಲ್ಲಿ ನಿಂತು ವಿಜ್ಞಾನದ ಹೆಸರಿನಲ್ಲಿ ನಗುತ್ತಿದ್ದೆ. ಡಿಸ್ಕು ತಂದ ದಿನ ವಿಮಲ ಅಡುಗೆಮನೆಯಲ್ಲಿದ್ದಳು. ಅಕ್ಕನ ದನಿ ಇರಬೇಕಾದ ವಸ್ತು, ಅಕ್ಕ ಇದ್ದಿದ್ದರೆ ಹಾಗೇ ಬಿಡುತ್ತಿದ್ದಳೇ ಎನ್ನಿಸಿತು. ದೇವರ ಮನೆಗೆ ಹೋದೆ. ಒಣ ಕುಂಕುಮ ಆ ನುಣುಪಿಗೆ ಅಂಟಲಿಲ್ಲ, ದೀಪದ ಎಣ್ಣೆಯಲ್ಲಿ ಕಲಸಿದೆ. ಎಲ್ಲಿ ಇಡುವುದು? ಬೊಟ್ಟಿಗೆ ಹಣೆ ಬೇಕು. ಮುಖವೇ ಇಲ್ಲದ್ದಕ್ಕೆ ಹಣೆ ಎಲ್ಲಿಂದ ತರಲಿ? ಬಾಯಿ ಇರುವ ಕಡೆ ಮುಖ, ಬಾಯಿಯ ಮೇಲೆ ಹಣೆ ಎಂದು ತರ್ಕ ಮಾಡಿ, ಸರಿಯಾಗಿ ಅಲ್ಲಿಯೇ ದಪ್ಪಗೆ ಇಟ್ಟೆ. ಎಣ್ಣೆಯಲ್ಲಿ ಕಲಸಿದ್ದು ನನಗೆ ಕಾಣದ ಹಾಗೆ ಜಾರಿ ಬಾಯಿಗಿಳಿದಿತ್ತು. ಎಣ್ಣೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲವೆಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡುವವನು ನಾನು.

ಇದನ್ನೆಲ್ಲ ಹೇಳಿದಾಗ ವಿಮಲ ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಹೂಬತ್ತಿಯೊಂದನ್ನು ಹೊಸೆದು ಸ್ಯಾನಿಟೈಸರಿನಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವ ನಾಜೂಕಿನಲ್ಲಿ ಡಿಸ್ಕಿನ ಬಾಯನ್ನೂ ವೈರಿನ ತುದಿಯನ್ನೂ ಒರೆಸಿದಳು. ಆರಲು ಬಿಟ್ಟು ಸಿಕ್ಕಿಸಿದೆವು. ಹಸಿರು ಪಟ್ಟಿ ಅರ್ಧ ದಾಟಿತು, ಕೊನೆ ಮುಟ್ಟಿತು. ವಿಡಿಯೊ ಡಿಸ್ಕಿಗೆ ಇಳಿಯುವವರೆಗೂ ಇಬ್ಬರೂ ಕಂಪ್ಯೂಟರಿನ ಮುಂದೆಯೇ ಕೂತಿದ್ದೆವು.

ಭಾನುವಾರ ಕುಣಿಗಲ್‌ನಲ್ಲಿ ಊಟವಾದ ಮೇಲೆ ಸುಧಾ ಡಿಸ್ಕನ್ನು ಟಿವಿಗೆ ಸಿಕ್ಕಿಸಿದಳು. ಛತ್ರದ ಬಾಗಿಲು, ಬಾಳೆಕಂದು, ಅಲುಗಾಡುವ ಜನ. ಅಲುಗಾಡುತ್ತಿದ್ದುದು ನನ್ನ ಕೈ. ಅಷ್ಟರಲ್ಲಿ ಗುಂಪಿನಿಂದ ಅಕ್ಕ ಹೊರಬಂದಳು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ನೇರ ನಮ್ಮೆಡೆಗೇ ಬಂದು ಸೊಂಟದ ಮೇಲೆ ಕೈಯಿಟ್ಟಳು.

'ಏನ್ಲಾ, ಹೊಸ ಕ್ಯಾಮ್ರಾ ಅಂತೀಯ, ಒಂದು ಕುಂಕುಮ ಇಟ್ಟಿಲ್ವಲ್ಲೋ! ಅಷ್ಟು ಓದಿ ಏನ್ ಬಂತು ನಿಂಗೆ?'

ಅವಳ ಉಂಗುರದ ಬೆರಳು ದೊಡ್ಡದಾಗುತ್ತ ಬಂತು. ಟಿವಿಯ ಪರದೆಯ ನಡುಭಾಗ ಕೆಂಪಾಯಿತು.

'ಅಕ್ಕಾ, ಲೆನ್ಸಿನ ಮೇಲೆ ಇಟ್ಬುಟ್ಟೆಯಲ್ಲ!' ಎಂದು ನನ್ನದೇ ಎಳೆಯ ದನಿ ಕಿರುಚಿತು.

'ಇಟ್ರೇನೀಗ? ಅದರ ಹಣೆ ಎಲ್ಲೈತೆ ಅಂತ ನಂಗೇನ್ ಗೊತ್ತು? ಒರೆಸ್ಕೊ, ಹೋಗ್ಲಾ' ಎಂದು ಅಕ್ಕ ಹೊರಟುಹೋದಳು.

ನಾನು ಅಂದು ಒರೆಸಿರಲಿಲ್ಲ. ಮುಂದೆ ಬಂದ ಮದುಮಗಳು, ಮದುಮಗ, ಪುರೋಹಿತರು, ಎಲ್ಲರ ಮೇಲೂ ಆ ಕೆಂಪು ಹಾಗೇ ನಿಂತಿತ್ತು. ಬೈಯಲು ನನಗೆ ಯಾರೂ ಸಿಗಲಿಲ್ಲ. ಡಿಸ್ಕು ಒರೆಸಿದ ಅಭ್ಯಾಸ ವಿಮಲಳ ಕೈಯಲ್ಲಿ ಇನ್ನೂ ಇತ್ತೋ ಏನೋ, ಸೆರಗಿನ ತುದಿ ಹಿಡಿದು ಟಿವಿಯ ಕಡೆಗೆ ಎದ್ದೇಬಿಟ್ಟಳು.

'ಬುಡಿ ಅತ್ತೆ' ಎಂದಳು ಸುಧಾ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. 'ಒರೆಸ್ಬೇಡಿ. ಅದು ಅಮ್ಮನ್ ಬೆರಳು.'

ಮದುವೆಯ ಉಳಿದ ಭಾಗವನ್ನೆಲ್ಲ ನಾವು ಆ ಬೊಟ್ಟಿನ ಆಚೀಚೆ ಇಣುಕಿಯೇ ನೋಡಿದೆವು.