ಆರು ಕಲೆ, ಐದು ಮದ್ದು

ಬೇಕರಿಯಲ್ಲಿ ಎಲ್ಲರೂ ಅವಳನ್ನು ಓವನ್ ಅಕ್ಕ ಎಂದೇ ಕರೆಯುತ್ತಿದ್ದರು. ಬ್ರೆಡ್ಡಿನ ಟ್ರೇಗಳನ್ನು ಓವನ್ನಿನ ಒಳಗಿಡುವುದು, ಬೆಂದ ಮೇಲೆ ಹೊರಗೆಳೆಯುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಬ್ರೆಡ್ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಗಡಿಯಾರ ನೋಡದೆ ವಾಸನೆಯಲ್ಲೇ ಹೇಳಬಲ್ಲವಳು. ಆದರೆ ಮಾಲೀಕರು ಹಳೆಯ ಓವನ್ ತೆಗೆಸಿ ಹೊಸದನ್ನು ತಂದಾಗ ಅವಳ ಕೈಯ ಅಂದಾಜು ತಪ್ಪಿತು. ಹೊಸದರ ಬಾಗಿಲು ಹಳೆಯದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿತ್ತು. ಮೇಲಿನ ಸಾಲಿಗೆ ಕೈ ಚಾಚಿದಾಗಲೆಲ್ಲ ಕಾದ ಅಂಚು ಮೊಣಕೈ ಕೆಳಗೆ ತಾಕುತ್ತಿತ್ತು. ಹಿಡಿಬಟ್ಟೆ ಕಾಪಾಡುತ್ತಿದ್ದುದು ಅಂಗೈಯನ್ನಷ್ಟೇ. ಒಂದೇ ವಾರದಲ್ಲಿ ಆರು ಕಡೆ ಸುಟ್ಟುಕೊಂಡಳು. ಆಮೇಲೆ ತುದಿಗಾಲಲ್ಲಿ ನಿಂತು, ಟ್ರೇಗಳನ್ನು ನಿಧಾನವಾಗಿ ಎಳೆದು ಹೇಗೋ ಅಂಚು ತಪ್ಪಿಸತೊಡಗಿದಳು.

ತಿಂಗಳೊಪ್ಪತ್ತಿನಲ್ಲಿ ಗಾಯಗಳೆಲ್ಲ ಮಾಯ್ದವು. ಕಲೆಗಳು ಮಾತ್ರ ಉಳಿದವು. ಎಡಗೈಗೆ ಮೂರು, ಬಲಗೈಗೆ ಮೂರು, ಯಾರೋ ಸ್ಕೇಲಿಟ್ಟು ಎಳೆದಂಥ ಕಂದು ಗೆರೆಗಳು. ಅಂದಿನಿಂದ ಅವಳು ತುಂಬುತೋಳಿನ ರವಿಕೆಯನ್ನೇ ಹಾಕತೊಡಗಿದಳು. ಬಸ್ಸಿನಲ್ಲಿ ಕಂಬಿ ಹಿಡಿಯುವಾಗಲೂ ತೋಳನ್ನು ಕೆಳಗೆಳೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಪಾತ್ರೆ ತೊಳೆಯಲು ತೋಳು ಮಡಚಿದಾಗ, ಒಂಬತ್ತನೇ ತರಗತಿಯ ಮಗಳು ಬಂದು ಪಕ್ಕದಲ್ಲಿ ನಿಂತಳು. ಒಂದು, ಎರಡು ಎಂದು ಗೆರೆಗಳನ್ನು ಎಣಿಸಿದಳು. ಮುಖ ಅರಳಿತು.

"ಅಮ್ಮಾ, ಈ ಆರೂ ಒಂದೇ ವಾರದ್ದು ಅಲ್ವಾ?"

"ಹೌದು. ಯಾಕೆ, ಹಾರ ಹಾಕ್ತೀಯಾ?"

"ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡೋದು ಅಂತ ತಲೆ ಕೆಡಿಸಿಕೊಂಡಿದ್ದೆ. ಒಂದೇ ಚರ್ಮ, ಒಂದೇ ವಯಸ್ಸಿನ ಆರು ಕಲೆ. ಒಂದೊಂದಕ್ಕೆ ಒಂದೊಂದು ಮನೆಮದ್ದು ಹಚ್ಚಿ, ಯಾವುದು ಬೇಗ ತಿಳಿಯಾಗುತ್ತೆ ಅಂತ ನೋಡೋಣ. ಕೈ ಕೊಡ್ತೀಯಾ?"

ತಾಯಿಗೆ ಮೊದಲು ಸಿಟ್ಟು ಬಂತು. ಆಮೇಲೆ ಮಗಳ ಕಣ್ಣು ನೋಡಿ ನಗು ಬಂತು. ಸೋಪಿನ ನೊರೆಯ ಎರಡೂ ಕೈಗಳನ್ನು ಹಾಗೇ ಮುಂದೆ ಚಾಚಿದಳು.

ಆ ದಿನದಿಂದ ಅಡುಗೆಮನೆ ಪ್ರಯೋಗಶಾಲೆಯಾಯಿತು. ಎಡಗೈಯ ಮೂರು ಕಲೆಗಳಿಗೆ ಜೇನು, ಲೋಳೆಸರದ ತಿರುಳು, ಕೊಬ್ಬರಿ ಎಣ್ಣೆ. ಬಲಗೈಯಲ್ಲಿ ಒಂದಕ್ಕೆ ಆಲೂಗಡ್ಡೆಯ ರಸ, ಇನ್ನೊಂದಕ್ಕೆ ನಿಂಬೆರಸ. ನಿಂಬೆಯ ಸಲಹೆ ಬೇಕರಿಯಲ್ಲಿ ಹಿಟ್ಟು ನಾದುವವನದು. ಅದಕ್ಕಿಂತ ಬೇರೆ ಮದ್ದೇ ಇಲ್ಲವೆಂದು ಅವನು ಅಡ್ಡಡ್ಡ ಕೈಯಾಡಿಸಿ ಹೇಳಿದ್ದ. ಮಣಿಕಟ್ಟಿನ ಹತ್ತಿರದ ಆರನೆಯ ಕಲೆಗೆ ಏನೂ ಇಲ್ಲ. ಮಗಳು ಬಣ್ಣದ ಅಂಗಡಿಯಿಂದ ಕಂದು ಬಣ್ಣದ ಹತ್ತು ಛಾಯೆಗಳ ಪಟ್ಟಿಯೊಂದನ್ನು ಕೇಳಿ ತಂದಳು. ತೀರ ತಿಳಿಯಾದದ್ದು ಒಂದು, ತೀರ ಗಾಢವಾದದ್ದು ಹತ್ತು. ಪ್ರತಿ ಭಾನುವಾರ ಹತ್ತು ಗಂಟೆಗೆ, ಅದೇ ಕಿಟಕಿಯ ಬೆಳಕಿನಲ್ಲಿ, ಪಟ್ಟಿಯನ್ನು ಕಲೆಯ ಪಕ್ಕ ಹಿಡಿದು ಸಂಖ್ಯೆ ಬರೆದುಕೊಳ್ಳುತ್ತಿದ್ದಳು. ಶುರುವಿನಲ್ಲಿ ಎಲ್ಲವೂ ಎಂಟು.

ಮನೆಯಲ್ಲಿದ್ದ ಅಕ್ಕನ ಅತ್ತೆಗೆ ಮಾತ್ರ ಆರನೆಯ ಕಲೆಯ ಚಿಂತೆ. "ಐದಕ್ಕೆ ಉಪಚಾರ, ಅದೊಂದಕ್ಕೆ ಮಲತಾಯಿ ಧೋರಣೆ. ಅದೇನು ಪಾಪ ಮಾಡಿದೆ?" ಎಂದರು.

"ಅಜ್ಜಿ, ಏನೂ ಹಚ್ಚದೆ ಇದ್ರೆ ಏನಾಗುತ್ತೆ ಅಂತ ಗೊತ್ತಾಗ್ಬೇಕಲ್ಲ?"

"ಗೊತ್ತಾಗೋದೇನು, ಹಾಗೇ ಉಳಿಯುತ್ತೆ."

ಎರಡನೆಯ ವಾರ ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದ್ದ ಅಕ್ಕ ಎದ್ದಾಗ, ಅವಳ ಬಲಗೈ ಚಾಪೆಗೆ ಅಂಟಿಕೊಂಡಿತ್ತು. ಮಗಳು ಮೂಸಿ ನೋಡಿದಳು. ಜೇನು. ಇಬ್ಬರೂ ತಿರುಗಿದರೆ ಅತ್ತೆ ಬೇಳೆ ಆರಿಸುತ್ತ ತಲೆಯೆತ್ತಲೇ ಇಲ್ಲ.

"ಎರಡೇ ದಿನ ಕಣೇ ಹಚ್ಚಿದ್ದು," ಎಂದರು ಕೊನೆಗೆ. "ನನ್ನ ಕೈಲಿ ನೋಡೋಕಾಗಲಿಲ್ಲ."

ಮಗಳ ಕಣ್ಣಲ್ಲಿ ನೀರಾಡಿತು. ಪ್ರಯೋಗವೇ ಕೆಟ್ಟಿತೆಂದು ಪುಸ್ತಕ ಮುಚ್ಚಿದಳು. ತಾಯಿ ಅದನ್ನು ತೆರೆದು ಪೆನ್ನು ಕೊಟ್ಟಳು. "ಏನು ನಡೀತೋ ಹಾಗೇ ಬರಿ. ನಾನೂ ಬ್ರೆಡ್ ಸೀದರೆ ಬೇಕರಿ ಲೆಕ್ಕದಲ್ಲಿ ಸೀದಿದೆ ಅಂತಾನೇ ಬರೀತೀನಿ." ಮಗಳು ಬರೆದಳು: ಆರನೇ ಕಲೆಗೆ ಅಜ್ಜಿ ಎರಡು ದಿನ ಜೇನು ಹಚ್ಚಿದರು.

ಮೂರನೆಯ ವಾರ ನಿಂಬೆ ತನ್ನ ಗುಣ ತೋರಿಸಿತು. ಕಲೆಯ ಸುತ್ತ ಚರ್ಮ ಕೆಂಪಾಗಿ ಉರಿಯತೊಡಗಿತು. ಔಷಧಿ ಅಂಗಡಿಯವರು ನೋಡಿದ್ದೇ ತಲೆ ಅಲ್ಲಾಡಿಸಿದರು. "ನಿಂಬೆ ಹಚ್ಚಿದ್ರಾ? ಅದರ ಹುಳಿ ಚರ್ಮಾನ ಉರಿಸುತ್ತೆ, ಬಿಸಿಲು ಬಿದ್ರಂತೂ ಇನ್ನೂ ಹೆಚ್ಚು. ಇವತ್ತೇ ನಿಲ್ಲಿಸಿ. ಉರಿ ಇಳಿಯದಿದ್ರೆ ಡಾಕ್ಟರಿಗೆ ತೋರಿಸಿ." ಅಂದೇ ನಿಲ್ಲಿಸಿದಳು. ನಾಲ್ಕು ದಿನದಲ್ಲಿ ಉರಿ ಇಳಿಯಿತು, ಆದರೆ ಆ ಕಲೆ ಒಂಬತ್ತಕ್ಕೆ ಏರಿತ್ತು. ಸಲಹೆ ಕೊಟ್ಟವನು ಒಂದು ವಾರ ಅವಳ ಕಣ್ಣಿಗೆ ಬೀಳದಂತೆ ಹಿಟ್ಟಿನ ಮೂಟೆಗಳ ಆಚೆಯೇ ಓಡಾಡಿಕೊಂಡಿದ್ದ.

ಉಳಿದವು ಇಳಿಯುತ್ತ ಬಂದವು. ಏಳು, ಆರು, ಐದು. ಭಾನುವಾರ ಬಂದರೆ ಅಕ್ಕನಿಗೆ ಬೆಳಗಿನಿಂದಲೇ ಚಡಪಡಿಕೆ. ಹತ್ತು ಹೊಡೆಯುವ ಮೊದಲೇ ತೋಳು ಮಡಚಿ ಕಿಟಕಿಯ ಬಳಿ ಕೂತುಬಿಡುತ್ತಿದ್ದಳು. "ಲೋಳೆಸರ ಮುಂದಿದೆಯಾ, ಎಣ್ಣೆಯಾ?" ಎಂದು ಬೇಕರಿಯವರೆಲ್ಲ ಸೋಮವಾರ ಕೇಳುವಷ್ಟರ ಮಟ್ಟಿಗೆ ಸುದ್ದಿ ಹಬ್ಬಿತ್ತು.

ಹತ್ತು ವಾರ ಮುಗಿದಾಗ ಲೋಳೆಸರ ಮತ್ತು ಕೊಬ್ಬರಿ ಎಣ್ಣೆ ಮೂರಕ್ಕೆ ಬಂದಿದ್ದವು. ಜೇನು ನಾಲ್ಕು, ಆಲೂಗಡ್ಡೆಯೂ ನಾಲ್ಕು. ಏನೂ ಹಚ್ಚದ ಕಲೆಯೂ ನಾಲ್ಕು.

ಮಗಳು ಪೆಚ್ಚಾದಳು. "ಹಚ್ಚಿದ್ರೂ ನಾಲ್ಕು, ಬಿಟ್ರೂ ನಾಲ್ಕು. ಎಲ್ಲರೂ ನಗ್ತಾರೆ."

ತಾಯಿ ಮಾತ್ರ ಮಣಿಕಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ಇದು ತಾನಾಗೇ ಹೋಗ್ತಾ ಇದೆಯಲ್ಲೇ. ತೋಳಿನ ಕೆಳಗೆ ಬಿಸಿಲು ಬೀಳದೆ, ಯಾರೂ ಕೆರೀದೆ, ಸುಮ್ನೆ ಇದ್ದು. ನನಗಂತೂ ಇದೇ ದೊಡ್ಡ ಸುದ್ದಿ."

ಪ್ರದರ್ಶನದ ದಿನ ಮಗಳ ಮೇಜಿನ ಹಿಂದೆ ತಾಯಿಯೇ ನಿಂತಳು, ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ. ಮೊದಲ ಹತ್ತು ನಿಮಿಷ ಬಣ್ಣದ ಪಟ್ಟಿ, ಪುಸ್ತಕಗಳನ್ನು ಮತ್ತೆ ಮತ್ತೆ ಸರಿಸಿಡುತ್ತಿದ್ದಳು. ಆಮೇಲೆ ಜನ ಮುಗಿಬಿದ್ದರು. ಕೆನ್ನೆಯ ಮೇಲೆ ಗಾಯದ ಗುರುತಿದ್ದ ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಹಾಗಾದ್ರೆ ಇವಳಿಗೆ ಏನು ಹಚ್ಚಲಿ ಅಕ್ಕಾ?"

"ಗಾಯ ಪೂರ್ತಿ ಮಾಯ್ದಿದ್ರೆ ಸ್ವಲ್ಪ ಎಣ್ಣೆ ಹಚ್ಚಿ ಮೆಲ್ಲಗೆ ನೀವಿ. ನಿಂಬೆ ಮಾತ್ರ ಬೇಡ, ನನ್ನ ಕೈ ನೋಡಿ. ಬಿಸಿಲಿಗೆ ಬಿಡಬೇಡಿ. ಮಿಕ್ಕಿದ್ದು ದಿನಗಳೇ ಮಾಡ್ತಾವೆ. ಇದು ಒಬ್ಬಳ ಕೈಯ ಕಥೆ, ಡಾಕ್ಟರನ್ನೂ ಒಂದು ಮಾತು ಕೇಳಿ."

ವಿಜ್ಞಾನದ ಮೇಷ್ಟ್ರು ಪುಸ್ತಕ ತಿರುವುತ್ತ ಅಜ್ಜಿಯ ಜೇನಿನ ಸಾಲಿಗೆ ಬಂದು ನಿಂತರು, ನಕ್ಕರು. "ಇದನ್ನ ಮುಚ್ಚಿಡದೆ ಬರೆದಿದ್ದೀಯಲ್ಲ," ಎಂದು ಮಗಳ ಬೆನ್ನು ತಟ್ಟಿದರು. ಎರಡನೆಯ ಬಹುಮಾನ ಬಂತು. ಮೊದಲನೆಯದು ಗಾಳಿಯಿಂದ ತಿರುಗುವ ಪಂಪಿಗೆ ಹೋಯಿತು. ಮಗಳಿಗೆ ಅದರ ಬೇಸರವೂ ಉಳಿಯದಷ್ಟು ಜನ ಆ ದಿನ ಮೇಜಿಗೆ ಬಂದುಹೋಗಿದ್ದರು.

ಅಷ್ಟು ಜನರ ಮುಂದೆ ಮಾತಾಡಿದ ಬಾಯಿ ಬೇಕರಿಯಲ್ಲಿ ಸುಮ್ಮನಿರಲಿಲ್ಲ. ಸೋಮವಾರ ಬೆಳಗ್ಗೆ ಅಕ್ಕ ನೇರ ಮಾಲೀಕರ ಮುಂದೆ ಹೋಗಿ ಎರಡೂ ಕೈ ಚಾಚಿದಳು.

"ಸರ್, ಹತ್ತು ವಾರ ಮದ್ದು ಹಚ್ಚಿ ನೋಡಿದ್ದಾಯ್ತು. ಸುಡದೆ ಇರೋದಕ್ಕಿಂತ ಒಳ್ಳೆ ಮದ್ದು ಸಿಗಲಿಲ್ಲ. ಮೊಣಕೈ ತನಕ ಬರೋ ಕೈಗವಸು ಬೇಕು, ನಿಂತ್ಕೊಳ್ಳೋಕೆ ಒಂದು ಹಲಗೆ ಬೇಕು."

ಮಾಲೀಕರು ಕಲೆಗಳನ್ನು ಒಂದೊಂದಾಗಿ ನೋಡಿದರು. ನಿಂಬೆಯದರ ಮೇಲೆ ಅವರ ಕಣ್ಣು ತುಸು ಹೊತ್ತು ನಿಂತಿತು. "ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?" ಎಂದರು.

ಗುರುವಾರ ದಪ್ಪ ಬಟ್ಟೆಯ ಕೈಗವಸು ಬಂತು. ನಾಲ್ಕು ಬೆರಳು ಎತ್ತರದ ಹಲಗೆಯೂ ಬಂತು. ಅವಳು ಹಲಗೆ ಹತ್ತಿ, ಬಾಗಿಲು ತೆಗೆದು, ಮೇಲಿನ ಸಾಲಿನ ಟ್ರೇಯನ್ನು ಸರಾಗವಾಗಿ ಹೊರಗೆಳೆದಳು. ಕಾದ ಅಂಚು ಕೈಗವಸಿಗೂ ತಾಗಲಿಲ್ಲ. ಬಿಸಿ ಬ್ರೆಡ್ಡಿನ ಘಮ ಇಡೀ ಕೋಣೆ ತುಂಬಿತು.